ಕಡಲಕಳೆ ಹಾಳೆಗೆ ಅಂಟಬೇಕು, ಉಪ್ಪು ಬಿಡಬೇಕು

ಗೋಕರ್ಣಕ್ಕೋ ಕಾರವಾರಕ್ಕೋ ಹೋದವರು ಚಂದದ ಕಡಲಕಳೆ ತಂದು ಪುಸ್ತಕದ ನಡುವೆ ಒತ್ತಿಡುತ್ತಾರೆ. ಮಳೆಗಾಲ ಮುಗಿದ ಮೇಲೆ ತೆರೆದರೆ ಬೂಷ್ಟು. ಒಣಗಿಸಿದ ಸಸ್ಯಗಳನ್ನು ಹಾಳೆಗಳಲ್ಲಿ ಕಾಪಾಡುವ ಹರ್ಬೇರಿಯಂನಲ್ಲಿ ಕೆಲಸ ಮಾಡುವ ನನ್ನ ಬಳಿ ಜಾಸ್ತಿ ಬರುವ ದೂರು ಇದು. ಕಾರಣ ಉಪ್ಪು. ಕಳೆಯಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕರಾವಳಿಯ ಜೂನ್‌ನಲ್ಲಂತೂ ಕೇಳುವುದೇ ಬೇಡ.

ಹಾಗಂತ ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ಕೆಂಪು ಜಾತಿಗಳನ್ನು ಸಿಹಿನೀರಲ್ಲಿ ಬಿಟ್ಟರೆ ಕೋಶಗಳು ಒಡೆದು ಬಣ್ಣವೆಲ್ಲ ನೀರಿಗೆ ಇಳಿಯುತ್ತದೆ. ಬರುವಾಗಲೇ ಒಂದು ಕ್ಯಾನ್ ಸಮುದ್ರದ ನೀರು ತನ್ನಿ. ಮರಳು ತೊಳೆಯುವುದು, ಎಳೆ ಬಿಡಿಸುವುದು ಎಲ್ಲ ಅದರಲ್ಲೇ. ಕೊನೆಗೆ ಸಿಹಿನೀರಲ್ಲಿ ಒಮ್ಮೆ ಅದ್ದಿ ತಕ್ಷಣ ತೆಗೆದರೆ ಸಾಕು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಇಳಿತದಲ್ಲಿ ಬಂಡೆಗಳು ಚೆನ್ನಾಗಿ ತೆರೆದುಕೊಳ್ಳುತ್ತವೆ. ಆದರೆ ಬಂಡೆಗೆ ಹಿಡಿದಿರುವುದನ್ನು ದಯವಿಟ್ಟು ಕೀಳಬೇಡಿ. ಅಲೆ ತಂದು ಹಾಕಿದ ತಾಜಾ ತುಂಡುಗಳೇ ಬೇಕಾದಷ್ಟು ಸಿಗುತ್ತವೆ.

ಇನ್ನು ಹಾಳೆಗೆ ಇಳಿಸುವ ಕೆಲಸ. ನನಗೆ ತುಂಬಾ ಇಷ್ಟವಾದ ಹಂತವಿದು. ಅಗಲ ಟ್ರೇಯಲ್ಲಿ ಎರಡು ಬೆರಳು ಸಮುದ್ರದ ನೀರು ಹಾಕಿ, ಕಳೆಯನ್ನು ತೇಲಿಬಿಡಿ. ದಪ್ಪ ಡ್ರಾಯಿಂಗ್ ಶೀಟನ್ನು ಅದರ ಅಡಿಗೆ ಜಾರಿಸಿ. ಮೆತ್ತನೆ ಬ್ರಷ್‌ನಿಂದ ಕವಲು ಕವಲಾಗಿ ಹರಡಿ. ಒಂದು ತುದಿಯಿಂದ ನಿಧಾನವಾಗಿ ಓರೆಯಾಗಿ ಎತ್ತಿ, ನೀರು ತಾನಾಗಿ ಇಳಿದುಹೋಗಲಿ. ಅವಸರ ಮಾಡಿದರೆ ಎಳೆಗಳೆಲ್ಲ ಒಂದೇ ಕಡೆ ಮುದ್ದೆಯಾಗುತ್ತವೆ. ಸಿಹಿನೀರಿನ ಅದ್ದುವಿಕೆಯನ್ನು ಹಾಳೆಯ ಸಮೇತ ಈಗ ಮಾಡಿ. ಮೇಲೆ ಹಳೆಯ ತೆಳು ಪಂಚೆಯ ತುಂಡು ಹೊದಿಸಿ, ಇಲ್ಲದಿದ್ದರೆ ಕಳೆ ಮೇಲಿನ ಕಾಗದಕ್ಕೂ ಅಂಟುತ್ತದೆ. ಆಮೇಲೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ಹಲಗೆ, ಭಾರ. ಕಾಗದವನ್ನು ದಿನಾ ಬದಲಿಸಿ. ಇದರಲ್ಲಿ ಸೋಮಾರಿತನ ಮಾಡಿದರೆ ಮೊದಲಿನ ಶ್ರಮವೆಲ್ಲ ವ್ಯರ್ಥ.

ಉಲ್ವಾದಂಥ ತೆಳು ಕಳೆಗಳು ತಮ್ಮ ಲೋಳೆಯಿಂದಲೇ ಅಂಟಿಕೊಳ್ಳುತ್ತವೆ, ಗೋಂದು ಬೇಡ. ಗಾಳಿಗುಳ್ಳೆಗಳಿರುವ ಸರ್ಗಾಸಂ, ಸುಣ್ಣದ ಪದರವಿರುವ ಬೀಸಣಿಗೆಯಾಕಾರದ ಪಡೀನಾ ಅಷ್ಟು ಸುಲಭವಾಗಿ ಅಂಟುವುದಿಲ್ಲ. ಅವನ್ನು ಕಾಗದದ ಸಣ್ಣ ಪಟ್ಟಿಯಿಂದ ಹಿಡಿಸಬೇಕು.

ಮೂಲೆಯಲ್ಲಿ ದಿನಾಂಕ, ಜಾಗ, ಬಂಡೆಯೋ ಮರಳೋ ಎನ್ನುವುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಮಾಂಟೆರೆ ಕೊಲ್ಲಿಯಲ್ಲಿ 1878ರಿಂದ ಒತ್ತಿಟ್ಟ, ಜೆಲಿಡಿಯಂ ಎಂಬ ಕೆಂಪು ಕಡಲಕಳೆಯ ಹಾಳೆಗಳಿವೆ. ಅವುಗಳಲ್ಲಿನ ಸಾರಜನಕವನ್ನು ಅಳೆದು, ಆ ಕಾಲದ ಸಮುದ್ರ ಹೇಗಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ದಿನಾಂಕ ಬರೆದಿರದಿದ್ದರೆ ಇದು ಆಗುತ್ತಿತ್ತೇ?

ಫ್ರೇಮ್ ಹಾಕಿಸುವಾಗ ಗಾಜು ಕಳೆಗೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚು ಇಡಿಸಿ. ಬಿಸಿಲು ಬೀಳುವ ಗೋಡೆ ಬೇಡವೇ ಬೇಡ, ಕೆಂಪು ಬಣ್ಣ ಬೇಗ ಮಾಸುತ್ತದೆ. ನಾನಂತೂ ಸ್ಕ್ಯಾನ್ ಮಾಡಿ ಪ್ರಿಂಟನ್ನು ಗೋಡೆಗೆ ಹಾಕಿ ಎನ್ನುತ್ತೇನೆ. ಮೂಲ ಹಾಳೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿರಲಿ. ಮಳೆಗಾಲಕ್ಕೆ ಮೊದಲು ಆ ಪೊಟ್ಟಣವನ್ನು ಬದಲಿಸಿ.