ತಪ್ಪು ಗರ್ಭಚೀಲದ್ದಲ್ಲ

ನಲವತ್ತೈದರ ಆಸುಪಾಸಿನ ಹೆಂಗಸು. ಎರಡು ತಿಂಗಳು ಮುಟ್ಟೇ ಇಲ್ಲ. ಮೂರನೇ ತಿಂಗಳು ಶುರುವಾದದ್ದು ಹದಿನೈದು ದಿನ ಕಳೆದರೂ ನಿಲ್ಲುತ್ತಿಲ್ಲ. ರಾತ್ರಿ ಮೂರಕ್ಕೇ ಎಚ್ಚರವಾಗುತ್ತದೆ, ಸಣ್ಣ ಮಾತಿಗೂ ಅಳು ಬರುತ್ತದೆ. ಮನೆಯಲ್ಲಿ ಹೇಳಿಕೊಂಡರೆ "ವಯಸ್ಸಾಯ್ತಲ್ಲ, ಹಾಗೇ ಇರುತ್ತೆ" ಅನ್ನುತ್ತಾರೆ. ಅಕ್ಕಪಕ್ಕದವರಿಗೆ ಹೇಳಿದರೆ "ಗರ್ಭಚೀಲ ತೆಗೆಸಿಬಿಡು, ಮಕ್ಕಳಾದ ಮೇಲೆ ಅದರಿಂದ ಏನಾಗಬೇಕು" ಅನ್ನುತ್ತಾರೆ. ಎರಡನೇ ಮಾತೇ ನನ್ನನ್ನು ಜಾಸ್ತಿ ಕಾಡುವುದು. ಏಕೆಂದರೆ ಈ ವಯಸ್ಸಿನ ಇಂಥ ಏರುಪೇರಿಗೆ ಎಷ್ಟೋ ಸಲ ಗರ್ಭಚೀಲ ಕಾರಣವೇ ಆಗಿರುವುದಿಲ್ಲ.

ಕಾರಣ ಅದರ ಎರಡೂ ಬದಿಗಿರುವ ಅಂಡಾಶಯಗಳಲ್ಲಿದೆ. ಹೆಣ್ಣುಮಗು ಹುಟ್ಟುವಾಗಲೇ ಅಲ್ಲಿ 10ರಿಂದ 20 ಲಕ್ಷ ಅಂಡಕೋಶಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು ನಾಲ್ಕು ಲಕ್ಷ. ಇಡೀ ಜೀವಮಾನದಲ್ಲಿ ಹೊರಬರುವ ಅಂಡಗಳು 400–500 ಅಷ್ಟೇ, ಮಿಕ್ಕವು ತಮ್ಮಷ್ಟಕ್ಕೆ ಕರಗಿಹೋಗುತ್ತವೆ. ಉಳಿದ ಅಂಡಕೋಶಗಳು ಸಾವಿರದ ಆಸುಪಾಸಿಗೆ ಬಂದಾಗ ಮುಟ್ಟು ನಿಲ್ಲುತ್ತದೆ. ನಿಂತು 12 ತಿಂಗಳು ತುಂಬಿದರೆ ಅದನ್ನು ಮೆನೋಪಾಸ್ ಎಂದು ಡಾಕ್ಟರ್‌ಗಳು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ದೇಶದಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ, ಅಮೆರಿಕದಲ್ಲಿ 51ರ ಹೊತ್ತಿಗೆ ಆಗುತ್ತದೆ. ಅದಕ್ಕೆ ಮುಂಚಿನ ಕೆಲವು ವರ್ಷಗಳೇ ಪೆರಿಮೆನೋಪಾಸ್. ನಿಜವಾದ ಗೊಂದಲವೆಲ್ಲ ಇಲ್ಲೇ.

ಈ ವರ್ಷಗಳಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಹಾರ್ಮೋನು ಮೆಲ್ಲಮೆಲ್ಲಗೆ ಇಳಿಯುತ್ತಾ ಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಅದು ಅಷ್ಟು ಸರಾಗವಾಗಿ ಇಳಿಯುವುದಿಲ್ಲ. ಅಂಡಕೋಶಗಳು ಕಡಿಮೆಯಾದಂತೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸಿ ಅಂಡಾಶಯವನ್ನು ಒತ್ತಾಯಿಸುತ್ತದೆ. ಒಂದು ತಿಂಗಳು ಅಂಡಾಶಯ ವಿಪರೀತ ಸ್ಪಂದಿಸಿ, ಈಸ್ಟ್ರೋಜನ್ ಹರೆಯದಲ್ಲಿದ್ದುದಕ್ಕಿಂತಲೂ ಮೇಲೇರಬಹುದು. ಮುಂದಿನ ತಿಂಗಳು ಸದ್ದೇ ಇಲ್ಲ. ಹೀಗಾಗಿ 45 ದಾಟಿದವರಲ್ಲಿ ಒಂದೇ ಒಂದು ರಕ್ತಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಲು ಆಗುವುದಿಲ್ಲ. ಮುಟ್ಟಿನ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು ತೋರಿಸಿದರೆ ಡಾಕ್ಟರಿಗೆ ಅದೇ ಜಾಸ್ತಿ ಹೇಳುತ್ತದೆ.

ಹಾಗಾದರೆ ಹದಿನೈದು ದಿನ ರಕ್ತ ಯಾಕೆ ಹೋಗುತ್ತದೆ? ಪ್ರತಿ ತಿಂಗಳೂ ಈಸ್ಟ್ರೋಜನ್ ಗರ್ಭಚೀಲದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಜಾಗದಿಂದ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬಂದು ಆ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಇಳಿದಾಗ ಪದರವೆಲ್ಲ ಒಟ್ಟಿಗೆ ಕಳಚಿ ಮುಟ್ಟಾಗುತ್ತದೆ, ನಾಲ್ಕೈದು ದಿನದಲ್ಲಿ ಮುಗಿಯುತ್ತದೆ. ಪೆರಿಮೆನೋಪಾಸಿನಲ್ಲಿ ಎಷ್ಟೋ ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ. ಪ್ರೊಜೆಸ್ಟರಾನ್ ಇಲ್ಲದೆ ಪದರ ದಪ್ಪವಾಗುತ್ತಲೇ ಹೋಗಿ, ಕೊನೆಗೆ ಅಲ್ಲಿಷ್ಟು ಇಲ್ಲಿಷ್ಟು ಕಳಚುತ್ತದೆ. ಹೆಪ್ಪುಗಟ್ಟಿದ ರಕ್ತ, ವಾರಗಟ್ಟಲೆ ಸ್ರಾವ ಎಲ್ಲ ಅದರಿಂದಲೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅಂಥವರಿಗೆ ಇಷ್ಟು ರಕ್ತ ಹೋದರೆ ಮೆಟ್ಟಿಲು ಹತ್ತಿದರೂ ಎದೆ ಡವಡವ ಹೊಡೆದುಕೊಳ್ಳುತ್ತದೆ.

ಈ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಬರುವ ಮೈ ಉರಿಯ ಕತೆ ಶುರುವಾಗುವುದು ಮಿದುಳಿನಲ್ಲಿ. ಮೈ ಬಿಸಿಯನ್ನು ಕಾಯುವ ಹೈಪೋಥಲಾಮಸ್, ಒಳಗಿನ ತಾಪ ಅರ್ಧ ಡಿಗ್ರಿಗಿಂತ ಕಡಿಮೆ ಹೆಚ್ಚುಕಮ್ಮಿಯಾದರೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಈಸ್ಟ್ರೋಜನ್ ಇಳಿದಾಗ ಅಲ್ಲಿನ ಕೆಲವು ನರಕೋಶಗಳು ಉಬ್ಬಿ, ನ್ಯೂರೋಕೈನಿನ್ ಬಿ ಎಂಬ ಸಂದೇಶವನ್ನು ಅತಿಯಾಗಿ ಕಳಿಸುತ್ತವೆ. ಆ ಸಹನೆ ಹೋಗಿಬಿಡುತ್ತದೆ. ಒಲೆ ಮುಂದೆ ನಿಂತಾಗ ಒಳಗಿನ ತಾಪ ಒಂಚೂರು ಏರಿದರೂ ಸಾಕು, ಜ್ವರ ಬಂದಂತೆ ಮಿದುಳು ಗಾಬರಿಯಾಗುತ್ತದೆ. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಬಿಸಿ ಏರುತ್ತದೆ, ಚರ್ಮದ ರಕ್ತನಾಳಗಳು ತೆರೆದುಕೊಳ್ಳುತ್ತವೆ, ಬೆವರು ಕಿತ್ತು ಬರುತ್ತದೆ. ಕೆಲವೇ ನಿಮಿಷದಲ್ಲಿ ಎಲ್ಲ ಮುಗಿದು ಮೈ ತಣ್ಣಗಾಗಿ ನಡುಕ. ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಇದು ಪದೇಪದೇ ಬರುತ್ತಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಏಳು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿತ್ತು. "ಸ್ವಲ್ಪ ದಿನ ತಡ್ಕೋ" ಅನ್ನುವವರು ಈ ಲೆಕ್ಕ ನೋಡಬೇಕು.

ಈಗ ಗರ್ಭಚೀಲದ ಮಾತಿಗೆ ಬರೋಣ. ಅದನ್ನು ತೆಗೆದರೆ ರಕ್ತ ನಿಲ್ಲುತ್ತದೆ, ನಿಜ. ಆದರೆ ಉರಿ, ನಿದ್ದೆಗೇಡು, ಮನಸ್ಸಿನ ಏರುಪೇರು ಹೋಗುವುದಿಲ್ಲ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ, ವರ್ಷಗಳಲ್ಲಿ ಆಗಬೇಕಾದ ಇಳಿತ ಒಂದೆರಡು ದಿನದಲ್ಲೇ ಆಗುತ್ತದೆ. 45ಕ್ಕಿಂತ ಮುಂಚೆ ಹೀಗಾದರೆ ಮೂಳೆ ಸವೆತ, ಹೃದ್ರೋಗದ ಅಪಾಯ ಹೆಚ್ಚು. ಕಲಬುರಗಿಯ ತಾಂಡಾಗಳಲ್ಲಿ ಬೆನ್ನುನೋವು, ಬಿಳಿಸೆರಗು ಅಂತ ಬಂದ ಎಳೆವಯಸ್ಸಿನ ಹೆಂಗಸರ ಗರ್ಭಚೀಲಗಳನ್ನೂ ತೆಗೆದ ಪ್ರಕರಣಗಳು ಸರ್ಕಾರದ ತನಿಖೆಯವರೆಗೆ ಹೋಗಿದ್ದವು. ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿ ಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು. ಹೊಲದಲ್ಲಿ ದುಡಿದು ತಿನ್ನುವ ಹೆಣ್ಣುಮಗಳು ಸಾಲ ಮಾಡಿ ಇಂಥ ಆಪರೇಷನ್ ಮಾಡಿಸಿಕೊಂಡು, ಮುಂದೆ ಮೂಳೆನೋವಿಗೆ ಮತ್ತೆ ಸಾಲ ಮಾಡುವುದು ನನಗೆ ಸಹಿಸಲಾಗದ ಸಂಗತಿ.

ಕ್ಯಾನ್ಸರ್, ದೊಡ್ಡ ಗಡ್ಡೆಗಳಂಥ ಸಂದರ್ಭದಲ್ಲಿ ಆಪರೇಷನ್ ಬೇಕೇ ಬೇಕಾಗಬಹುದು. ಅದಕ್ಕೆ ಮೊದಲು ಸ್ಕ್ಯಾನಿಂಗ್, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ, 45 ದಾಟಿದವರಿಗೆ ಒಳಪದರದ ಚೂರು ತೆಗೆದು ನೋಡುವುದು ಆಗಿರಬೇಕು. ಕೆಟ್ಟದ್ದೇನೂ ಇಲ್ಲವೆಂದಾದರೆ ಪ್ರೊಜೆಸ್ಟರಾನ್ ಮಾತ್ರೆಯಿದೆ, ಕಾಪರ್ ಟಿ ಹಾಗೆಯೇ ಒಳಗೆ ಇಡುವ, ಐದಾರು ವರ್ಷ ಹಾರ್ಮೋನ್ ಬಿಡುವ ಸಾಧನವಿದೆ. ಜೋರು ಉರಿಗೆ ಹಾರ್ಮೋನ್ ಚಿಕಿತ್ಸೆಯಷ್ಟು ಕೆಲಸ ಮಾಡುವ ಮದ್ದು ಬೇರೆ ಇಲ್ಲ. 2002ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್ ತುಸು ಹೆಚ್ಚಿದ್ದು ಕಂಡು ಜಗತ್ತೇ ಹೆದರಿತು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರ ಒಳಗಿನ, ಮುಟ್ಟು ನಿಂತು ಹತ್ತು ವರ್ಷವಾಗದ ಆರೋಗ್ಯವಂತರಲ್ಲಿ ಲಾಭವೇ ಹೆಚ್ಚು ಎಂಬುದು ಈಗಿನ ತಜ್ಞರ ಅಭಿಪ್ರಾಯ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಇನ್ನೊಂದು ವಿಷಯ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಬಟ್ಟೆಗೆ ಒಂದು ಹನಿ ರಕ್ತ ಅಂಟಿದರೂ "ಮತ್ತೆ ಮುಟ್ಟಾಯ್ತೇನೋ" ಅಂತ ಸುಮ್ನೆ ಇರಬೇಡಿ. ಅದು ಒಳಪದರದ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು, ಬೇಗ ತೋರಿಸಿದರೆ ಪೂರ್ತಿ ವಾಸಿಯಾಗುವ ಸಾಧ್ಯತೆ ಹೆಚ್ಚು.