ಒಳ್ಳೆ ನೀರನ್ನ ಕೆರೆಗೆ ಯಾಕೆ ಹೊರೋದು ಸರ್?

ಕೆರೆ ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್ ಹುಡುಕುವ ಪ್ರಾಜೆಕ್ಟ್ ಶುರುವಾದಾಗಲೆಲ್ಲ ವಿದ್ಯಾರ್ಥಿಗಳದ್ದು ಇದೇ ಪ್ರಶ್ನೆ. ‘ಡಿಸ್ಟಿಲ್ಡ್ ವಾಟರ್‌ನಲ್ಲಿ ಪ್ಲಾಸ್ಟಿಕ್ ಇರಲ್ಲ ಅಲ್ವಾ ಸರ್? ಸುಮ್ನೆ ಭಾರ.’ ನಾನು ಹತ್ತು ಸಲ ಹೇಳಿರುತ್ತೇನೆ, ಅವರು ಹನ್ನೊಂದನೇ ಸಲ ಬಾಟಲಿಯನ್ನು ಲ್ಯಾಬ್‌ನಲ್ಲೇ ಬಿಟ್ಟು ಬರುತ್ತಾರೆ.

ಗಾಜಿನ ಬಾಟಲಿ, ಸ್ಟೀಲ್ ಬಕೆಟ್, ಜರಡಿ ಎಲ್ಲ ಸರಿಯಾಗಿಯೇ ತರುತ್ತಾರೆ. ಮರೆಯುವುದು ಬ್ಲ್ಯಾಂಕ್ ಒಂದನ್ನೇ. ಅಂದರೆ ಹೋಲಿಕೆಗೆಂದು ಒಯ್ಯುವ, ಶೋಧಿಸಿದ ಡಿಸ್ಟಿಲ್ಡ್ ನೀರಿನ ಬಾಟಲಿ. ಕೆರೆಯ ಮಾದರಿ ತೆಗೆಯುವಷ್ಟು ಹೊತ್ತು ಅದರ ಮುಚ್ಚಳವನ್ನೂ ತೆರೆದಿಡಬೇಕು. ಆಮೇಲೆ ಎರಡನ್ನೂ ಒಂದೇ ಥರ ಸೋಸಬೇಕು. ಬ್ಲ್ಯಾಂಕ್‌ನಲ್ಲಿ ಸಿಕ್ಕಿದ್ದು ಕೆರೆಯದ್ದಲ್ಲ. ಗಾಳಿಯದ್ದು, ಲ್ಯಾಬಿನದ್ದು, ಇಲ್ಲವೇ ನಿಮ್ಮದು.

ನಿಮ್ಮದು ಅಂದರೆ ಬಟ್ಟೆ. 5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಎಲ್ಲ ಮೈಕ್ರೋಪ್ಲಾಸ್ಟಿಕ್ ಲೆಕ್ಕಕ್ಕೆ ಬರುತ್ತದೆ. ಪಾಲಿಯೆಸ್ಟರ್ ಕೂಡ ಪ್ಲಾಸ್ಟಿಕ್ಕೇ, ಅದರ ಎಳೆಗಳು ಮೈಮೇಲಿಂದ ಉದುರುತ್ತಲೇ ಇರುತ್ತವೆ. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆ ಇದು. ಆದರೂ ಕಾಟನ್ ಶರ್ಟ್ ಹಾಕಿಕೊಂಡು ಬನ್ನಿ ಅಂದರೆ ಅರ್ಧ ಕ್ಲಾಸ್ ಮುಖ ಮುಖ ನೋಡಿಕೊಳ್ಳುತ್ತದೆ.

ಒಮ್ಮೆ ಚಳಿಗಾಲದ ಬೆಳಗ್ಗೆ ಕುಂದವಾಡ ಕೆರೆಗೆ ಹೋಗಿದ್ದೆವು. ಒಬ್ಬ ಹುಡುಗಿ ಕೆಂಪು ಸ್ವೆಟರ್ ಹಾಕಿದ್ದಳು. ಮರುದಿನ ಸೂಕ್ಷ್ಮದರ್ಶಕ ಬಿಟ್ಟು ಏಳಲೇ ಇಲ್ಲ. ‘ಸರ್, 14 ಕೆಂಪು ಎಳೆ! ಊರಿಗೆ ಕುಡಿಯೋ ನೀರು ಇದೇ ಅಲ್ವಾ?’ ಬಿಸಿ ಸೂಜಿ ಮುಟ್ಟಿಸಿದೆವು. ಎಳೆ ಸುರುಳಿ ಸುತ್ತಿ ಕರಗಿತು. ಪ್ಲಾಸ್ಟಿಕ್ಕೇ ಇರಬೇಕು. ಹತ್ತಿ ಆಗಿದ್ದರೆ ಹಾಗೆ ಕರಗುತ್ತಿರಲಿಲ್ಲ. ಅವಳ ಬ್ಲ್ಯಾಂಕ್ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಹುಡುಗ ಮಾತ್ರ ಅದೃಷ್ಟಕ್ಕೆ ತಂದಿದ್ದ. ಅವನ ಒಳ್ಳೆ ನೀರಿನಲ್ಲಿ ಅದೇ ಕೆಂಪು, 9 ಎಳೆ.

ಹಾಗಾದರೆ ಕೆರೆಯದ್ದು 5 ಅಂತ ಬರೆಯಲಾ ಅಂದಳು. ಬೇಡಮ್ಮ. ಬ್ಲ್ಯಾಂಕ್ ಒಂದೇ ಇದ್ದರೆ ಕಳೆಯುವ ಲೆಕ್ಕ ನಂಬುವುದು ಕಷ್ಟ. ಮೂರಾದರೂ ಬೇಕು. ಎಳೆ ಯಾವ ಪ್ಲಾಸ್ಟಿಕ್ ಅಂತ ಎಫ್‌ಟಿಐಆರ್‌ನಲ್ಲಿ (ಅತಿಗೆಂಪು ಬೆಳಕಿನಿಂದ ವಸ್ತು ಗುರುತಿಸುವ ಯಂತ್ರ) ನೋಡದೆ ನಾನಂತೂ ಸಹಿ ಹಾಕುವುದಿಲ್ಲ. ಕೆರೆ ಶುದ್ಧವಾಗಿದೆ ಅಂತಲೂ ಇದರಿಂದ ಹೇಳಲಾಗದು. ನಮಗೆ ಗೊತ್ತಾಗಿದ್ದು ಸ್ವೆಟರ್ ವಿಷಯ ಅಷ್ಟೇ.

ಪಾಪ, ಅತ್ತೇಬಿಟ್ಟಳು. ಮುಂದಿನ ಸಲ ಅಜ್ಜನ ಕಾಟನ್ ಅಂಗಿ ತೊಟ್ಟು, ತೋಳು ಮೂರು ಮಡಿಕೆ ಮಡಚಿಕೊಂಡು ಬಂದಳು. ಮೂರು ಬ್ಲ್ಯಾಂಕ್ ತಂದಿದ್ದಳು. ಗಾಳಿಗೆ ಮುಖ ಮಾಡಿ ನಿಂತು ಬಾಟಲಿ ಮುಂದೆ ಚಾಚಿ ನೀರು ತುಂಬಿದಳು. ಕೆಂಪು ಒಂದೂ ಸಿಗಲಿಲ್ಲ. ಬ್ಲ್ಯಾಂಕ್‌ನಲ್ಲಿ ಬೂದು ಬಣ್ಣದ ಎರಡು ಎಳೆ ಮಾತ್ರ ಇದ್ದವು. ಅವನ್ನು ನೋಡಿದವಳು ನನ್ನ ಟೆರಿಕಾಟ್ ಪ್ಯಾಂಟ್ ಕಡೆ ತಿರುಗಿದಳು.