ಲೋವಿಯ ಓದಲಾಗದ ಚೀಟಿ

ಹಲ್ಲು ಉದುರಿದ ಕನಸು ಬಿದ್ದರೆ ಮನೆಯಲ್ಲೊಂದು ಸಾವು ಎಂದು ನಮ್ಮ ಸೋದರತ್ತೆ ನಂಬಿದ್ದರು. ಅಂಥ ಬೆಳಗುಗಳಲ್ಲಿ ನೆಂಟರಿಗೆಲ್ಲ ಫೋನು ಮಾಡಿ ಯೋಗಕ್ಷೇಮ ವಿಚಾರಿಸುತ್ತಿದ್ದರು. ಯಾರೂ ಸಾಯಲಿಲ್ಲ, ಬಿಲ್ಲು ಏರಿತು. ಪಂಚಾಂಗದ ಸ್ವಪ್ನಫಲವನ್ನು ನಕ್ಕು ತಳ್ಳುವ ವಿದ್ಯಾವಂತರೂ ಕನಸುಗಳಲ್ಲಿ ಗುಪ್ತ ಅರ್ಥ ಹುಡುಕಿದ ಮನೋವೈದ್ಯ ಫ್ರಾಯ್ಡ್ ಹೆಸರು ಕೇಳಿದೊಡನೆ ಕೈಕಟ್ಟಿ ಕೂರುತ್ತಾರೆ. ಹಾವಿಗೊಂದು ಅರ್ಥ, ಏಣಿಗೊಂದು ಅರ್ಥ. ನನಗೆ ಇದು ಜರ್ಮನ್ ಭಾಷೆಯ ಸ್ವಪ್ನಫಲವಾಗಿಯೇ ಕಾಣುತ್ತದೆ.

ಹಾಗೆಂದು ಸುಪ್ತಮನಸ್ಸು ಸುಮ್ಮನೆ ಮಲಗಿರುವುದಿಲ್ಲ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಔಷಧವಿಜ್ಞಾನಿ ಒಟ್ಟೊ ಲೋವಿ ಒಂದು ರಾತ್ರಿ ನಿದ್ದೆಗಣ್ಣಿನಲ್ಲೇ ಎದ್ದು, ಹೊಳೆದದ್ದನ್ನು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ! ಮರುರಾತ್ರಿ ಮೂರು ಗಂಟೆಗೆ ಅದೇ ವಿಚಾರ ಮತ್ತೆ ಬಂತು. ಈ ಸಲ ಚೀಟಿಯನ್ನು ನಂಬದೆ ಪ್ರಯೋಗಾಲಯಕ್ಕೆ ಹೋದರು. ಕಪ್ಪೆಯ ಹೃದಯವೊಂದರ ವೇಗಸ್ ನರವನ್ನು ಕೆರಳಿಸಿ ಬಡಿತ ತಗ್ಗಿಸಿದರು. ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂಬ ಈ ಶೋಧ 1921ರಲ್ಲಿ ಪ್ರಕಟವಾಗಿ, 1936ರಲ್ಲಿ ನೊಬೆಲ್ ತಂದಿತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ತಮಾಷೆಯೆಂದರೆ, ಬಣ್ಣಬಣ್ಣದ ಕನಸುಗಳು ಬೀಳುವ, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗಳು ಸರಸರ ಓಡಾಡುವ ರೆಮ್ ನಿದ್ರೆಯಲ್ಲಿ ಮಿದುಳಿನಲ್ಲಿ ತುಂಬಿ ಹರಿಯುವುದೂ ಅದೇ.

ಆ ಹೊತ್ತಿಗೆ, ನಮ್ಮನ್ನು ಎಚ್ಚರದಲ್ಲಿಡುವ ಇನ್ನೊಂದು ರಾಸಾಯನಿಕವಾದ ನಾರ್‌ಅಡ್ರಿನಲಿನ್ ಹೆಚ್ಚುಕಡಿಮೆ ಬತ್ತಿರುತ್ತದೆ. ಹಣೆಯ ಹಿಂದಿನ, ತರ್ಕ ನೋಡಿಕೊಳ್ಳುವ ಭಾಗ ಮಂಕಾಗಿ, ಭಯ-ಉದ್ವೇಗದ ಅಮಿಗ್ಡಲಾ ಚುರುಕಾಗಿರುತ್ತದೆ. ಮೇಷ್ಟ್ರು ಹೊರಗೆ ಹೋದ ತರಗತಿ ಎನ್ನಿ. ಅದಕ್ಕಿಂತ, ಭಾಗವತರು ಎದ್ದುಹೋದ ಯಕ್ಷಗಾನ ಎಂದರೆ ಸರಿ: ಚೆಂಡೆ ಜೋರಾಗಿದೆ, ವೇಷಗಳು ಕುಣಿಯುತ್ತಿವೆ, ಪ್ರಸಂಗ ಯಾವುದೆಂದು ಯಾರಿಗೂ ಗೊತ್ತಿಲ್ಲ. ರಾವಣನ ಪಕ್ಕದಲ್ಲಿ ನಿಮ್ಮ ಮ್ಯಾನೇಜರ್ ನಿಂತಿದ್ದರೆ ಅಚ್ಚರಿಯಿಲ್ಲ.

ಕನಸನ್ನು ಬರೆಯುವುದೆಂದರೆ ಭಾಗವತರನ್ನು ಮರಳಿ ಕರೆತಂದು ಕೂರಿಸುವುದು. ವಾಕ್ಯಕ್ಕೆ ಕರ್ತೃ ಬೇಕು, ಕ್ರಿಯಾಪದಕ್ಕೆ ಕಾಲ ಬೇಕು. ‘ಆಮೇಲೆ’, ‘ಏಕೆಂದರೆ’ ಎನ್ನದೆ ಮುಂದೆ ಹೋಗಲಾಗದು. ‘ಹೆದರಿದೆ’ ಎಂದು ಬರೆದೊಡನೆ ಹೆದರಿಕೆ ಭೂತಕಾಲಕ್ಕೆ ಸರಿಯುತ್ತದೆ.

ಕನಸಲ್ಲದ ನೋವಿಗೂ ಬರವಣಿಗೆ ಒದಗೀತೇ? 1986ರಲ್ಲಿ ಮನೋವಿಜ್ಞಾನದ ಸಂಶೋಧಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಅಮೆರಿಕದ 46 ಕಾಲೇಜು ವಿದ್ಯಾರ್ಥಿಗಳನ್ನು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಕೂರಿಸಿದರು. ಬದುಕಿನ ಆಘಾತವನ್ನು, ನಡೆದದ್ದು ಮತ್ತು ಅನಿಸಿದ್ದು ಎರಡನ್ನೂ ಸೇರಿಸಿ ಬರೆದವರು ಆ ಕ್ಷಣಕ್ಕೆ ಇನ್ನಷ್ಟು ಕುಗ್ಗಿದರು. ಆದರೆ ಮುಂದಿನ ಆರು ತಿಂಗಳಲ್ಲಿ, ಯಾವುದೋ ಕ್ಷುಲ್ಲಕ ವಿಷಯ ಬರೆದವರಿಗಿಂತ ಕಡಿಮೆ ಸಲ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದರು. ಇದನ್ನು ಸಂಜೀವಿನಿ ಎಂದು ಮಾರಲು ಹೊರಡಬೇಡಿ. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಸಿಕ್ಕ ಪ್ರಯೋಜನ ಚಿಕ್ಕದೇ.

ಪದೇ ಪದೇ ಕಾಡುವ ದುಃಸ್ವಪ್ನಕ್ಕೆ ಇನ್ನೂ ನೇರವಾದ ಚಿಕಿತ್ಸೆಯಿದೆ. ಲೈಂಗಿಕ ದೌರ್ಜನ್ಯದಿಂದ ಪಾರಾದ ಮಹಿಳೆಯರ ಮೇಲೆ ನಿದ್ರಾತಜ್ಞ ವೈದ್ಯ ಬ್ಯಾರಿ ಕ್ರಾಕೋ ಅದನ್ನು ಪರೀಕ್ಷಿಸಿ, 2001ರಲ್ಲಿ ಒಳ್ಳೆಯ ಫಲಿತಾಂಶ ಪ್ರಕಟಿಸಿದರು. ಕನಸನ್ನು ಬರೆಯಬೇಕು, ಬೇಕಾದ ಹಾಗೆ ಬದಲಿಸಬೇಕು, ಬದಲಾದ ಕನಸನ್ನು ಹಗಲಿನಲ್ಲಿ ಮನಸ್ಸಿನಲ್ಲೇ ಆಡಿಸಬೇಕು. ಅರ್ಥ ಹುಡುಕುವ ಗೋಜೇ ಇಲ್ಲ! ಘೋರವಾದದ್ದನ್ನು ಅನುಭವಿಸಿದವರು ಇದನ್ನು ತಜ್ಞರ ಜೊತೆಗೇ ಮಾಡಬೇಕು.

ನನ್ನದು ಅಷ್ಟು ದೊಡ್ಡ ಕಷ್ಟವಲ್ಲ. ಐವತ್ತು ದಾಟಿದರೂ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ತಡವಾಗಿ ಓಡುವ ಕನಸು. ಬರೆದೆ, ಕೊನೆಯನ್ನು ತಿದ್ದಿ ಪರೀಕ್ಷೆಯನ್ನೇ ಮುಂದೂಡಿಸಿದೆ. ಈಗಲೂ ಆಗೊಮ್ಮೆ ಈಗೊಮ್ಮೆ ಬೀಳುತ್ತದೆ. ಹಾಲ್ ಟಿಕೆಟ್ ಮಾತ್ರ ಜೇಬಿನಲ್ಲಿರುತ್ತದೆ.